ಚೋಂದಮ್ಮನವರ ಎರಡು ಕಾರು

ಕಾವೇರಿ ದಂಡೆಯ ಮೇಲೆ ಜವರಯ್ಯ ಮೇಸ್ತ್ರಿಯ ಕಾರು ರಿಪೇರಿ ಶೆಡ್ಡು. ಅದನ್ನು ಆಶ್ರಮ ಅಂದರೂ ತಪ್ಪಿಲ್ಲ. ಅಲ್ಲೂ ಕಲಿಯಲು ಬಂದವನು ಮೊದಲು ಕಸ ಗುಡಿಸಬೇಕು, ಬಾಯಿ ಮುಚ್ಚಿಕೊಂಡಿರಬೇಕು.

ಆ ಶೆಡ್ಡಿನಲ್ಲಿ ಇಂಗ್ಲೆಂಡಿನ ಎರಡು ಸ್ಪೋರ್ಟ್ಸ್ ಕಾರುಗಳಿದ್ದವು. ಒಂದೇ ಮನೆತನ, ಎರಡು ತಲೆಮಾರು. ಹಳೆಯದಕ್ಕೆ ಮರದ ಚೌಕಟ್ಟು, ಕಿಟಕಿಗೆ ಗಾಜೇ ಇಲ್ಲ, ಗಾಳಿಯೆಲ್ಲ ಮುಖಕ್ಕೇ. ಹೊಸದು ಪೂರ್ತಿ ಉಕ್ಕು, ತಗ್ಗಿ ಕೂತ ಮೈ, ಓಟ ಅಂದರೆ ಓಟ. ಹೊಸದು ಅಂತ ಹೆಸರು ಅಷ್ಟೇ, ಅದಕ್ಕೂ ಅಜ್ಜನ ವಯಸ್ಸು.

ಹಳೆಯದನ್ನು ಗುಜರಿಯಿಂದ ತಂದು ಓಡುವಂತೆ ಮಾಡಿದ್ದು ಮೇಸ್ತ್ರಿ, ತಮ್ಮ ಪ್ರಾಯದಲ್ಲಿ. ಹೊಸದನ್ನು ಓಡುವಂತೆ ಮಾಡಿದ್ದು ಶಿಷ್ಯ ಕೆಂಪರಾಜು. ಅದರ ಒಂದು ಬೋಲ್ಟನ್ನೂ ಮೇಸ್ತ್ರಿ ಮುಟ್ಟಿರಲಿಲ್ಲ.

ಎರಡರ ಒಡತಿ ಕೊಡಗಿನ ಚೋಂದಮ್ಮನವರು. ಇನ್ನು ಎರಡನ್ನೂ ಸಾಕಲಾರೆ, ಓಡಿಸಿ ನೋಡಿ ಒಂದನ್ನು ಇಟ್ಟುಕೊಳ್ಳುತ್ತೇನೆ, ಇನ್ನೊಂದು ಕೊಳ್ಳಲು ಕಾದಿರುವ ಮುಂಬೈಯವರಿಗೆ ಅಂದಿದ್ದರು. ಅವರು ಬರುವ ದಿನವೂ ಬಂತು.

ಅಮ್ಮಾವ್ರು ಕೇಳುವುದು ಮೇಸ್ತ್ರಿಯ ಮಾತನ್ನೇ, ಮೇಸ್ತ್ರಿಗೆ ಜೀವ ಇರುವುದು ಹಳೆಯದರ ಮೇಲೆಯೇ, ತನ್ನ ಕಾರು ಹೋದ ಹಾಗೇ ಅಂದುಕೊಂಡ ಕೆಂಪರಾಜು. ಮೇಸ್ತ್ರಿ ಹೊಳೆಗೆ ಸ್ನಾನಕ್ಕೆ ಹೋದದ್ದೇ ತಡ, ಹಳೇ ಕಾರಿನ ಎಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಕೊಡುವ ಜೋಡಿ ಕಾರ್ಬುರೇಟರಿನಲ್ಲಿ ಒಂದರ ಸ್ಕ್ರೂ ಸಡಿಲಿಸಿಬಿಟ್ಟ. ಎಂಥಾ ಜಾಣ ನೋಡಿ.

ಆ ಶೆಡ್ಡಿನಲ್ಲಿ ಜೋಡಿ ಕಾರ್ಬುರೇಟರ್ ಹೊಂದಿಸುವುದು ಕಿವಿಯಿಂದ. ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಎರಡೂ ಗಾಳಿ ಎಳೆಯುವ ಸದ್ದು ಒಂದೇ ಆಗಿರಬೇಕು, ಇಲ್ಲದಿದ್ದರೆ ಎಂಜಿನ್ ಮುಗ್ಗರಿಸುತ್ತದೆ.

ಮೇಸ್ತ್ರಿ ಬಂದರು, ಹಳೆಯದನ್ನು ಸ್ಟಾರ್ಟ್ ಮಾಡಿ ಕೊಳವೆ ಹಿಡಿದು ಕೇಳಿದರು. ಕೊಳವೆಯನ್ನು ಶಿಷ್ಯನ ಕೈಗೆ ಕೊಟ್ಟರು.

"ಎರಡೂ ಸಮ ಇದಾವೇನಯ್ಯ?"

ಕೆಂಪರಾಜು ಕೇಳಿದ ಹಾಗೆ ಮಾಡಿ ತಲೆ ತಗ್ಗಿಸಿದ. "ಇಲ್ಲ ಮೇಸ್ತ್ರಿ."

"ಸಮ ಮಾಡು. ಕಾಲು ಕಟ್ಟಿದ ಕುದುರೆ ಜೊತೆ ಓಡಿ ಗೆದ್ರೆ ಅದೂ ಒಂದು ಗೆಲುವಾ?"

ಕೆಂಪರಾಜು ಕೊಳವೆ ಕಿವಿಗಿಟ್ಟು, ಕೂದಲೆಳೆಯಷ್ಟು ವ್ಯತ್ಯಾಸ ಉಳಿಯದ ಹಾಗೆ ಸಮ ಮಾಡಿದ.

ಚೋಂದಮ್ಮನವರು ಬಂದು ಎರಡನ್ನೂ ಸೇತುವೆಯಾಚೆ ಓಡಿಸಿ ತಂದರು. ಹಳೆಯದರ ಮೇಲೆ ಪ್ರೀತಿ, ಹೊಸದರ ಮೇಲೆ ಆಸೆ, ನನ್ನಿಂದ ಆರಿಸಲು ಆಗುವುದಿಲ್ಲ, ನೀವೇ ಹೇಳಿ ಅಂತ ಮೇಸ್ತ್ರಿಯ ಕಡೆ ತಿರುಗಿದರು.

"ಹೊಸದನ್ನ ಇಟ್ಕೊಳ್ಳಿ, ಅಮ್ಮಾವ್ರೆ," ಅಂದರು ಮೇಸ್ತ್ರಿ.

ಕೆಂಪರಾಜುಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ತಾನು ಮಾಡಿದ ಹಲ್ಕಾ ಕೆಲಸವನ್ನು ಒಡತಿಯ ಎದುರಿಗೇ ಹೇಳಿಬಿಟ್ಟ. ತನ್ನದು ಹೋಗಲಿ, ಹಳೆಯದನ್ನೇ ಉಳಿಸಿಕೊಳ್ಳಿ ಅಂತ ಕೈ ಮುಗಿದ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂದಿತ್ತು.

"ಅದು ನಿಮ್ಮ ಜೀವಮಾನದ ಕೆಲಸ ಮೇಸ್ತ್ರಿ. ಅದು ಹೋದ್ರೆ ನಿಮ್ದು ಅಂತ ಇಲ್ಲಿ ಏನು ಉಳಿಯುತ್ತೆ?" ಅಂತ ಮೇಸ್ತ್ರಿಯ ಕಡೆ ತಿರುಗಿ ಕೇಳಿದ.

ಜವರಯ್ಯ ಬೆನ್ನು ನೆಟ್ಟಗೆ ಮಾಡಿ, ಎದೆ ಸೆಟೆಸಿ ನಿಂತರು. ಅವರು ಹಾಗೆ ನಿಂತದ್ದನ್ನು ಕೆಂಪರಾಜು ಯಾವತ್ತೂ ಕಂಡಿರಲಿಲ್ಲ.

"ಆ ಕಾರನ್ನ ತಯಾರು ಮಾಡಿದ್ದು ನಾನು. ಈ ಕಾರನ್ನ ತಯಾರು ಮಾಡಿದೋನನ್ನ ತಯಾರು ಮಾಡಿದ್ದೂ ನಾನೇ ಕಣಯ್ಯ."