ಜೇಬಿನಲ್ಲಿಟ್ಟ ರಿಂಗುಗಳು

"ಬುದ್ಧಿ, ಒಳ್ಳೆಯ ಕೆಲಸ ಮಾಡಿದರೂ ಮನಸ್ಸು ಹಗುರಾಗದೆ ಇರುವುದು ಏಕೆ?"

ಶಿಷ್ಯ ಮರುಳಸಿದ್ಧ ಹೀಗೆ ಕೇಳಿದಾಗ ಸ್ವಾಮಿಗಳು ಮಠದ ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು.

"ಯಾವ ಒಳ್ಳೆಯ ಕೆಲಸ?"

"ಒಬ್ಬರ ಸೇವೆ. ಮಳೆಗಾಲದಿಂದ ಮಾಡುತ್ತಿದ್ದೇನೆ. ನೋಡಿದವರೆಲ್ಲ ಹೊಗಳುತ್ತಾರೆ. ಹೊಗಳಿದಷ್ಟೂ ಎದೆ ಭಾರವಾಗುತ್ತಿದೆ."

"ಯಾರ ಸೇವೆ, ಮರಿ?"

"ಅದೊಂದು ಕೇಳಬೇಡಿ, ಬುದ್ಧಿ."

ಸ್ವಾಮಿಗಳು ಕೇಳಲಿಲ್ಲ. ಮೊರವನ್ನು ಅವನತ್ತ ಸರಿಸಿದರು. "ಕೂತುಕೋ. ಕೈಗೆ ಕೆಲಸ ಇರಲಿ" ಎಂದು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಮೇಸ್ತ್ರಿ ಇದ್ದ. ಗಾಡಿಗಳ ಎಂಜಿನ್ ರಿಪೇರಿ ಅವನ ಕಸುಬು. ಬಾಯಿ ಒರಟು, ಕೈ ನಂಬಿಕಸ್ತ. ಅವನದೊಂದು ಪದ್ಧತಿ ಇತ್ತು. ಯಾವ ಸಾಮಾನು ಬದಲಿಸಿದರೂ ಹಳೆಯದನ್ನು ಗಾಡಿಯ ಮಾಲೀಕನ ಕೈಗೇ ಕೊಡುತ್ತಿದ್ದ. "ತಗೋ, ನೋಡ್ಕೋ. ಆಮೇಲೆ ಮೇಸ್ತ್ರಿ ಹಳೇದನ್ನೇ ಒರೆಸಿ ಹಾಕಿದ ಅಂತ ಊರೆಲ್ಲ ಸಾರಬೇಡ" ಎನ್ನುತ್ತಿದ್ದ. ಮಾಲೀಕರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತಲೆಯಾಡಿಸಿ, ಸೀಟಿನ ಕೆಳಗೆ ಹಾಕಿಕೊಂಡು ಹೋಗುತ್ತಿದ್ದರು.

ಅದೇ ಪೇಟೆಯಲ್ಲಿ ರೇಷ್ಮೆ ಗೂಡು ಸಾಗಿಸುವ ಒಬ್ಬ ಗಾಡಿಯವನಿದ್ದ. ಇದ್ದದ್ದು ಒಂದೇ ಗಾಡಿ. ಅವನೇ ಮಾಲೀಕ, ಅವನೇ ಡ್ರೈವರ್. ಸುತ್ತಿನ ಹಳ್ಳಿಗಳಿಂದ ಗೂಡಿನ ಮೂಟೆ ಹೇರಿಕೊಂಡು, ಬೆಳಿಗ್ಗೆ ಹರಾಜು ಶುರುವಾಗುವ ಮೊದಲು ಮಾರುಕಟ್ಟೆ ಸೇರಿಸಬೇಕು. ಗೂಡು ಕಾಯುವ ಸರಕಲ್ಲ. ಮೂಟೆಯಲ್ಲಿ ಬಿಸಿಲಿಗೆ ಸಿಕ್ಕರೆ ಒಳಗಿನ ಹುಳು ಸತ್ತು ಗೂಡಿಗೆ ಕಲೆ ಹಿಡಿಯುತ್ತದೆ. ಇಪ್ಪತ್ತು ವರ್ಷದಲ್ಲಿ ಅವನ ಗಾಡಿ ಒಂದು ಹರಾಜನ್ನೂ ತಪ್ಪಿಸಿರಲಿಲ್ಲ. ಬೆಳೆಗಾರರು ಮೂಟೆಯ ಮೇಲೆ ಹೆಸರು ಬರೆದು, ಗಾಡಿಗೆ ಹೇರಿ, ಮನೆಗೆ ಹೋಗಿ ಮಲಗುತ್ತಿದ್ದರು. ಜೊತೆಗೆ ಯಾರೂ ಬರುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಗಳಿಸಿದ್ದು ಅದು.

ಒಂದು ಮಧ್ಯಾಹ್ನ ಅವನು ಆಯಿಲ್ ಬದಲಿಸಲು ಗಾಡಿ ತಂದ.

ಎಂಜಿನ್ನಿಗೆ ಆಯಿಲ್ ಸೋಸುವ ಒಂದು ಡಬ್ಬಿ ಇರುತ್ತದೆ. ಫಿಲ್ಟರ್ ಎನ್ನುತ್ತಾರೆ. ಅದರ ಬಾಯಿಗೆ ಒಂದು ರಬ್ಬರ್ ರಿಂಗು. ಆಯಿಲ್ ಹೊರಗೆ ಬಾರದಂತೆ ಹಿಡಿಯುವುದು ಅದೇ. ಮೇಸ್ತ್ರಿ ಹಳೆಯ ಫಿಲ್ಟರ್ ಬಿಚ್ಚಿದ. ಫಿಲ್ಟರ್ ಬಂತು, ರಿಂಗು ಬರಲಿಲ್ಲ. ಅದು ಎಂಜಿನ್ನಿಗೇ ಅಂಟಿಕೊಂಡು ಉಳಿಯಿತು. ಹಾಗಾಗುವುದುಂಟು. ಅದಕ್ಕೇ ಅವನು ಪ್ರತಿ ಸಲ ಬೆರಳಿಗೆ ಬಟ್ಟೆ ಸುತ್ತಿ ಆ ಜಾಗವನ್ನು ಸುತ್ತಲೂ ಒರೆಸುತ್ತಿದ್ದ. ಅಂಟಿದ್ದೇನಾದರೂ ಇದ್ದರೆ ಬೆರಳಿಗೆ ಸಿಗುತ್ತಿತ್ತು. ಅವನು ಬಟ್ಟೆಗೆ ಕೈ ಹಾಕುವ ಹೊತ್ತಿಗೆ ಗಾಡಿಯವನು ಎರಡು ಲೋಟ ಟೀ ಹಿಡಿದು ಬಂದ.

"ಮೊದಲು ಕುಡಿ ಮೇಸ್ತ್ರಿ. ಆರಿದ ಟೀ ಕುಡಿದರೆ ನಿನ್ನ ಮುಖ ಇನ್ನೂ ಕೆಡುತ್ತೆ."

"ನಿನ್ನ ಗಾಡಿ ನೋಡಿ ನೋಡಿ ಕೆಟ್ಟ ಮುಖ ಕಣೋ ಇದು."

ಇಬ್ಬರೂ ನಕ್ಕರು. ಟೀ ಕುಡಿದರು. ಮೇಸ್ತ್ರಿ ಅದೇ ಬಟ್ಟೆಯಿಂದ ಕೈ ಒರೆಸಿಕೊಂಡು ಮತ್ತೆ ಗಾಡಿಯ ಕೆಳಗೆ ತೂರಿದ. ಬಟ್ಟೆ ಕೈಗೆ ಬಂದು ಹೋಗಿತ್ತು, ಒರೆಸುವ ಕೆಲಸ ಆಯಿತು ಎಂದು ಮನಸ್ಸು ಲೆಕ್ಕ ಹಾಕಿಕೊಂಡಿತು. ಹಳೆಯ ರಿಂಗಿನ ಮೇಲೆಯೇ ಹೊಸ ಫಿಲ್ಟರನ್ನು ಅದರ ಹೊಸ ರಿಂಗಿನ ಸಮೇತ ಕೂರಿಸಿ ಬಿಗಿ ಮಾಡಿದ.

ಪದ್ಧತಿಯಂತೆ ಹಳೆಯ ಫಿಲ್ಟರನ್ನು ಗಾಡಿಯವನ ಕೈಗೆ ಕೊಟ್ಟ. ಅದರ ಬಾಯಿಯಲ್ಲಿ ರಿಂಗು ಇರಲಿಲ್ಲ. ಕೊಟ್ಟವನು ನೋಡಲಿಲ್ಲ. ತೆಗೆದುಕೊಂಡವನಿಗೆ ಏನು ನೋಡಬೇಕೆಂದು ತಿಳಿದಿರಲಿಲ್ಲ. ತಿರುಗಿಸಿ ನೋಡಿ, ತಲೆಯಾಡಿಸಿ, ಸೀಟಿನ ಕೆಳಗೆ ಹಾಕಿಕೊಂಡ.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಏಳು ಮನೆಯ ಗೂಡು ಹೇರಿಕೊಂಡು ಬರುವಾಗ ಒಂದು ರಿಂಗು ಜಾರಿ ಹೊರಗೆ ಉಬ್ಬಿತು. ಆಯಿಲೆಲ್ಲ ರಸ್ತೆಗೆ ಸುರಿಯತೊಡಗಿತು. ಗಾಡಿಯವನ ಮುಂದೆ, ಸ್ಟೇರಿಂಗಿನ ಹಿಂದೆ, ಆಯಿಲ್ ಇಲ್ಲವೆಂದು ಎಚ್ಚರಿಸುವ ಕೆಂಪು ದೀಪ ಹತ್ತಿತು. ಮಾರುಕಟ್ಟೆಗೆ ಇನ್ನು ಎರಡು ಮೈಲಿ. ಬಿಸಿಲು ಏರುತ್ತಿತ್ತು. ನಿಲ್ಲಿಸಿದರೆ ಏಳು ಮನೆಯ ಗೂಡು ಕೆಡುತ್ತದೆ. ಎರಡೇ ಮೈಲಿಯಲ್ಲವೇ ಎಂದು ಅವನು ಓಡಿಸಿದ. ಒಂದು ಮೈಲಿ ಹೋಗುವುದರೊಳಗೆ ಎಂಜಿನ್ ಕಿರುಚಿ ನಿಂತಿತು.

ದಾರಿಯಲ್ಲಿ ಬಂದ ಟ್ರ್ಯಾಕ್ಟರಿಗೆ ಕೈ ಮುಗಿದು ಮೂಟೆಗಳನ್ನು ಅದಕ್ಕೆ ಹೇರಿದ. ಅವು ಮಾರುಕಟ್ಟೆ ಸೇರುವಾಗ ಹರಾಜು ಮುಗಿಯುತ್ತ ಬಂದಿತ್ತು. ಗೂಡು ಸಿಕ್ಕಿದ ಬೆಲೆಗೆ ಹೋಯಿತು.

ಗಾಡಿಯನ್ನು ಎಳೆದು ತಂದು ಮೇಸ್ತ್ರಿಯ ಮುಂದೆ ನಿಲ್ಲಿಸಿದರು. ಮೇಸ್ತ್ರಿ ಕೆಳಗೆ ಹೋಗಿ ನೋಡಿದ. ಫಿಲ್ಟರ್ ಬಿಚ್ಚಿದ. ಒಂದಿರಬೇಕಾದ ಕಡೆ ಎರಡು ರಿಂಗು ಇದ್ದವು. ಅವನಿಗೆ ಟೀಯ ಲೋಟ ನೆನಪಾಯಿತು, ಬಟ್ಟೆ ನೆನಪಾಯಿತು. ಎಲ್ಲ ತಿಳಿಯಿತು.

ಹೊರಗೆ ಗಾಡಿಯವನು ಹಣೆ ಬಡಿದುಕೊಳ್ಳುತ್ತಿದ್ದ.

"ನಾನೇ ಕೊಂದೆ ಮೇಸ್ತ್ರಿ. ದೀಪ ಉರೀತಿತ್ತು. ಈ ಕಣ್ಣಲ್ಲೇ ನೋಡಿದೆ. ನೋಡಿಯೂ ಓಡಿಸಿದೆನಲ್ಲ."

ಹೇಳಬೇಕೆಂದೇ ಮೇಸ್ತ್ರಿ ಹೊರಗೆ ಬಂದ. ಬಾಯಿ ತೆರೆದ. ಬಂದ ಮಾತು ಬೇರೆ.

"ದೀಪ ಕಂಡ ಕೂಡಲೇ ನಿಲ್ಲಿಸಬೇಕಿತ್ತು."

ಆ ಮಾತು ನಿಜ. ಆಗಲೇ ನಿಲ್ಲಿಸಿದ್ದರೆ ಎಂಜಿನ್ ಉಳಿಯುತ್ತಿತ್ತು. ಮೇಸ್ತ್ರಿ ಆ ನಿಜದ ಮರೆಯಲ್ಲಿ ನಿಂತುಕೊಂಡ. ರಿಂಗುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಅವನು ಕೆಟ್ಟವನಲ್ಲ, ಮರಿ. ಹೆದರಿದ. ಆಯಿಲ್ ಬದಲಿಸಲು ಬಾರದ ಮೇಸ್ತ್ರಿ ಎಂದು ಒಮ್ಮೆ ಹೆಸರು ಬಂದರೆ ಅವನ ಬಾಗಿಲಿಗೆ ಗಾಡಿ ಬರುವುದು ನಿಲ್ಲುತ್ತಿತ್ತು. ಅವನಿಗೂ ಮನೆ ಇತ್ತು.

ಆದರೆ ಸುಮ್ಮನಿರುವುದೂ ಅವನಿಂದ ಆಗಲಿಲ್ಲ. "ಗಾಡಿ ಇಲ್ಲೇ ಬಿಡು. ಕೂಲಿಯೂ ಬೇಡ, ಸಾಮಾನಿನ ದುಡ್ಡೂ ಬೇಡ" ಎಂದ. ತನ್ನ ಮೋಟಾರ್ ಸೈಕಲ್ ಮಾರಿ ಪಿಸ್ಟನ್ನು, ಬೇರಿಂಗು, ಕ್ರ್ಯಾಂಕು ತಂದ. ಇಪ್ಪತ್ತು ದಿನ ಬೇರೆ ಯಾವ ಗಾಡಿಯನ್ನೂ ಮುಟ್ಟದೆ ಆ ಎಂಜಿನ್ ಕಟ್ಟಿದ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಅದುವರೆಗೆ ಮಾಡಿರಲಿಲ್ಲ. ಚಾಲೂ ಮಾಡಿದರೆ ಎಂಜಿನ್ ಹೊಸದಕ್ಕಿಂತ ಮೆತ್ತಗೆ ತಿರುಗಿತು.

ಗಾಡಿಯವನ ಹೆಂಡತಿ ಎಲೆ ಅಡಿಕೆ, ಹಣ್ಣು, ಒಂದು ಪಂಚೆ ತಟ್ಟೆಯಲ್ಲಿಟ್ಟುಕೊಂಡು ಬಂದಳು. "ಒಡಹುಟ್ಟಿದವರೂ ಇಷ್ಟು ಮಾಡಲ್ಲ ಅಣ್ಣಾ" ಎಂದು ಕಣ್ಣೊರೆಸಿಕೊಂಡಳು. ಪೇಟೆಯಲ್ಲೆಲ್ಲ ಮಾತಾಯಿತು. ಮೇಸ್ತ್ರಿ ಟೀ ಅಂಗಡಿಗೆ ಹೋದರೆ ಅಂಗಡಿಯವನು ದುಡ್ಡು ಮುಟ್ಟುತ್ತಿರಲಿಲ್ಲ. "ನಿನ್ನಂಥವರಿಂದಲೇ ಮಳೆ ಬೆಳೆ ಆಗ್ತಿರೋದು, ಕುಡಿ" ಎನ್ನುತ್ತಿದ್ದ. ಸ್ವಲ್ಪ ದಿನಕ್ಕೆ ಮೇಸ್ತ್ರಿ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟ. ಪಂಚೆ ಗಂಟು ಬಿಚ್ಚದೆ ಪೆಟ್ಟಿಗೆಯಲ್ಲಿ ಉಳಿಯಿತು.

ಇತ್ತ ಗಾಡಿಯವನು ನಡೆದದ್ದನ್ನು ಮುಚ್ಚಿಡಲಿಲ್ಲ. ದೀಪ ನೋಡಿಯೂ ಓಡಿಸಿದೆ ಎಂದು ಏಳು ಮನೆಗೂ ಹೋಗಿ ತಾನೇ ಹೇಳಿದ. ಅವರು ಬಯ್ಯಲಿಲ್ಲ. ಆದರೆ ಆಮೇಲೆ ಮೂಟೆಯ ಜೊತೆಗೆ ಒಬ್ಬೊಬ್ಬರು ಗಾಡಿ ಹತ್ತಿ ಕೂರತೊಡಗಿದರು. "ಏನಣ್ಣ, ಇವತ್ತು ದೀಪ ಹಚ್ಚಿಲ್ಲ ತಾನೆ?" ಎಂದು ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ.

ಅವನ ಕೈಗೆ ಅಂಜಿಕೆ ಹೊಕ್ಕಿತ್ತು. ಮೈಲಿಗೊಮ್ಮೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದು ನೋಡುತ್ತಿದ್ದ. ಆಯಿಲ್ ಸರಿಯಾಗಿಯೇ ಇರುತ್ತಿತ್ತು. ಇನ್ನೊಂದು ಮೈಲಿಗೆ ಮತ್ತೆ ನೋಡುತ್ತಿದ್ದ. ಹೀಗೆ ನೋಡುತ್ತ ನೋಡುತ್ತ ಎರಡು ಸಲ ಹರಾಜು ತಪ್ಪಿತು. ಏಳು ಮನೆಯಲ್ಲಿ ಐದು ಮನೆಯವರು ಬೇರೆ ಗಾಡಿ ಹಿಡಿದರು.

ಒಂದು ದಿನ ಅವನು ಮೇಸ್ತ್ರಿಯ ಬಳಿಗೆ ಬಂದು ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟ.

"ಒಂದು ಉಪಕಾರ ಮಾಡಿದ್ದೀಯ, ಇನ್ನೊಂದು ಮಾಡು. ಇದಕ್ಕೆ ಯಾರಾದರೂ ಒಳ್ಳೆಯವರನ್ನು ನೋಡು. ನೀನು ಜೀವ ಕೊಟ್ಟ ಎಂಜಿನ್ನು. ನನ್ನ ಕೈಯಲ್ಲಿದ್ದರೆ ಮತ್ತೆ ಕೊಲ್ತೀನಿ. ನಾನು ನೂಲು ತೆಗೆಯೋ ಕಡೆ ಕೂಲಿಗೆ ಸೇರ್ಕೋತೀನಿ."

ಮೇಸ್ತ್ರಿ ಕೀಲಿಯನ್ನು ನೋಡಿದ. ಎಂಜಿನ್ ಸರಿಮಾಡಿದೆ, ಅಲ್ಲಿಗೆ ತೀರಿತು ಎಂದು ಅಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ. ಕೆಟ್ಟದ್ದು ಎಂಜಿನ್ ಒಂದೇ ಆಗಿರಲಿಲ್ಲ. ಎದುರಿಗೆ ನಿಂತವನನ್ನು ರಿಪೇರಿ ಮಾಡುವ ಸಾಮಾನು ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ.

ಅವನು ಜೇಬಿಗೆ ಕೈ ಹಾಕಿದ. ರಿಂಗುಗಳು ಅಲ್ಲಿಯೇ ಇದ್ದವು. ದಿನವೂ ಅಂಗಿ ಬದಲಿಸುವಾಗ ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತಿದ್ದ. ಎಸೆಯಲು ಕೈ ಬಂದಿರಲಿಲ್ಲ. ತೋರಿಸಲೂ ಬಂದಿರಲಿಲ್ಲ. ಈಗ ಕೀಲಿಯ ಪಕ್ಕದಲ್ಲಿಟ್ಟ.

"ಏನಿದು? ಎರಡಿವೆಯಲ್ಲ" ಎಂದ ಗಾಡಿಯವನು.

"ಒಂದಿರಬೇಕಿತ್ತು. ಹಳೇದನ್ನು ನಾನು ತೆಗೆಯಲಿಲ್ಲ. ಅದರ ಮೇಲೇ ಹೊಸದು ಕೂರಿಸಿದೆ. ಆಯಿಲ್ ಸುರಿದದ್ದು ಅದರಿಂದ. ಕೆಟ್ಟ ಗಾಡಿ ಎಳೆದು ತಂದ ದಿನವೇ ನನಗೆ ಗೊತ್ತಾಯ್ತು."

ಗಾಡಿಯವನು ರಿಂಗುಗಳನ್ನು ಕೈಗೆತ್ತಿಕೊಂಡ. ಒಂದನ್ನು ಇನ್ನೊಂದರ ಮೇಲಿಟ್ಟು ನೋಡಿದ. ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದು ಮೇಸ್ತ್ರಿ ಕಾದ. ಅವನು ದನಿಯನ್ನೂ ಏರಿಸಲಿಲ್ಲ.

"ದೀಪ ನೋಡಿ ಓಡಿಸಿದ್ದು ನಾನೇ. ಅದು ನನ್ನದು, ನಾನು ಹೊರ್ತೀನಿ. ನಿನ್ನದನ್ನೂ ಯಾಕೆ ನನ್ನ ತಲೆ ಮೇಲೆ ಇಟ್ಟೆ, ಮೇಸ್ತ್ರಿ? ಎಂಜಿನ್ ವಾಪಸ್ ಕೊಟ್ಟೆ. ನನ್ನನ್ನು ಮಾತ್ರ ಇಷ್ಟು ದಿನ ಜೇಬಲ್ಲೇ ಇಟ್ಕೊಂಡಿದ್ದೆ."

ಮೇಜಿನ ಮೇಲಿದ್ದ ಕೀಲಿ ತೆಗೆದುಕೊಂಡು ಹೊರಟುಹೋದ.

ಮೇಸ್ತ್ರಿ ಅದೇ ಸಂಜೆ ಟೀ ಅಂಗಡಿಗೆ ಹೋಗಿ, ಕೂತಿದ್ದವರ ಮುಂದೆ ಎಲ್ಲವನ್ನೂ ಹೇಳಿದ. ಟೀಯ ದುಡ್ಡನ್ನು ಅಂಗಡಿಯವನು ಈ ಸಲ ತೆಗೆದುಕೊಂಡ. ಮುಂದಿನ ವಾರ ಮೂರು ಗಾಡಿಗಳು ಬೇರೆ ಗ್ಯಾರೇಜಿಗೆ ಹೋದವು.

ಬಿಟ್ಟುಹೋಗಿದ್ದ ಐದು ಮನೆಯವರಲ್ಲಿ ಇಬ್ಬರು ಗಾಡಿಯವನನ್ನು ಮತ್ತೆ ಕರೆದರು. ಒಂದು ಬೆಳಿಗ್ಗೆ ಆ ಗಾಡಿ ಮೂಟೆ ಹೇರಿಕೊಂಡು ಮೇಸ್ತ್ರಿಯ ಬಾಗಿಲ ಮುಂದೆಯೇ ಹೋಯಿತು. ಮೂಟೆಗಳ ಮೇಲೆ ಯಾರೂ ಕೂತಿರಲಿಲ್ಲ. ಗಾಡಿ ಎಲ್ಲೂ ನಿಲ್ಲಲಿಲ್ಲ. ಮೇಸ್ತ್ರಿಯ ಮುಂದೆಯೂ ನಿಲ್ಲಲಿಲ್ಲ. ಹಾರ್ನ್ ಕೂಡ ಹೊಡೆಯಲಿಲ್ಲ. ಎಂಜಿನ್ನಿನ ಸದ್ದು ಮರೆಯಾಗುವವರೆಗೆ ಮೇಸ್ತ್ರಿ ಕಿವಿಗೊಟ್ಟು ಕೇಳಿದ. ಆ ಮಧ್ಯಾಹ್ನ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು.

ಮರುಳಸಿದ್ಧನ ಕೈ ಯಾವಾಗಲೋ ನಿಂತಿತ್ತು. ಅವನು ಕೇಳಿದ.

"ಬುದ್ಧಿ, ಗಾಡಿಯವನು ಆಮೇಲಾದರೂ ಮೇಸ್ತ್ರಿಯನ್ನು ಕ್ಷಮಿಸಿದನೇ?"

ಸ್ವಾಮಿಗಳು ಆಗ ತಲೆ ಎತ್ತಿ ಅವನ ಮುಖ ನೋಡಿದರು.

"ಕ್ಷಮಿಸಿದ ಎಂದರೆ ಮಾತ್ರ ನೀನು ಹೋಗಿ ಹೇಳುವೆಯಾ, ಮರಿ?"