ಫಕೀರವ್ವನ ಕೌದಿ, ಅಡಿವೆಪ್ಪನ ಅಂಗಡಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಮಠದ ಜಗಲಿಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ಶಿವಲಿಂಗವ್ವನವರು. ಕೈ ನಿಲ್ಲಿಸದೆ, ಒಮ್ಮೆಯೂ ನಗದೆ, ನಡುನಡುವೆ ನಿಟ್ಟುಸಿರು ಬಿಡುತ್ತ ಹೇಳಿದ್ದರು. ನಗುವ ಕೆಲಸ ನಮಗೆ ಬಿಟ್ಟಿದ್ದರು. ಸ್ವಾಮಿಯ ದಯದಿಂದ ನೆನಪಿದ್ದಷ್ಟನ್ನು ಹೇಳುತ್ತೇನೆ.

ಒಂದೂರಲ್ಲಿ ಫಕೀರವ್ವ ಅಂತ ಒಬ್ಬ ತಾಯಿ. ಅವಳಿಗೆ ಅಡಿವೆಪ್ಪ ಅಂತ ಒಬ್ಬನೇ ಮಗ. ಮೈಯಲ್ಲಿ ಎತ್ತಿನ ಶಕ್ತಿ, ಮನಸ್ಸಿನಲ್ಲಿ ಕಪಟವಿಲ್ಲ, ತಲೆಯಲ್ಲಿ ಏನೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತಾಯಿಯ ಗೋಳೂ ಅದೇ.

ಫಕೀರವ್ವ ಹಳೇ ಸೀರೆಗಳನ್ನು ತುಂಡು ಮಾಡಿ, ಜೋಡಿಸಿ, ಕೌದಿ ಹೊಲಿಯುವಳು. ಹೊಲಿದದ್ದನ್ನು ಗಂಟು ಕಟ್ಟಿ, ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ ಇಟ್ಟು, ಅದರ ಮೇಲೆ ಗಂಟು ಹೊತ್ತು ಊರೂರು ತಿರುಗಿ ಮಾರುವಳು. ತಿರುಗಿ ತಿರುಗಿ ಮೊಣಕಾಲು ಹೋದವು. "ಶಿವನೇ, ಈ ಗಂಟೊಂದು ತಲಿ ಮ್ಯಾಲಿಂದ ಇಳಸಪ್ಪಾ," ಅಂತ ದಿನಾ ದೀಪ ಹಚ್ಚಿ ಕೇಳಿಕೊಳ್ಳುವಳು.

ಈಗ ಫೋನಿನೊಳಗೇ ಅಂಗಡಿ ಇಡಬಹುದಂತೆ, ಮನೆಯಲ್ಲಿ ಕೂತು ಮಾರಬಹುದಂತೆ ಅಂತ ಯಾರೋ ಹೇಳಿದರು. ಮಗನನ್ನು ಕರೆದುಕೊಂಡು ಪೇಟೆಗೆ ಹೋದಳು. ಅಲ್ಲಿ ಪ್ರಭಯ್ಯ ಅನ್ನುವವರು ಅಂಥ ಅಂಗಡಿಗಳ ಟೆಂಪ್ಲೇಟು ಮಾಡಿ ಕೊಡುತ್ತಿದ್ದರು.

"ಟೆಂಪ್ಲೇಟು ಅಂದ್ರ ಕಟ್ಟಿಟ್ಟ ಅಂಗಡಿ, ಫಕೀರವ್ವ. ಹೆಸರಿನ ಹಲಗಿ, ಕಪಾಟು, ಎಲ್ಲಾ ನಾನ ಇಟ್ಟೇನಿ," ಅಂದರು ಪ್ರಭಯ್ಯ. ಅಡಿವೆಪ್ಪನ ಕಡೆ ತಿರುಗಿ, "ತಮ್ಮಾ, ಇದು ಬಾಳ ಬಿಗಿ ಟೆಂಪ್ಲೇಟು. ಸುಮ್ಮನ ಕೆದರಬ್ಯಾಡ. ಕೆಡತೈತಿ," ಅಂದರು.

"ಆಗಲಿರಿ. ಕೆದರಂಗಿಲ್ಲ."

ಕೆದರಲೇ ಇಲ್ಲ. ಕೆಲವು ದಿನಕ್ಕೆ ಫೋನು ಬಂತು. "ಹಲೋ, 'ನಿಮ್ಮ ಅಂಗಡಿಯ ಹೆಸರನ್ನು ಇಲ್ಲಿ ಬರೆಯಿರಿ' ಅಂಗಡಿ ಏನ್ರಿ? ಒಂದು ಗೋಡೆ ಗಡಿಯಾರ ಬೇಕಾಗಿತ್ತು."

ಪ್ರಭಯ್ಯ ತೋರಿಸಲಿಕ್ಕೆ ಇಟ್ಟಿದ್ದ ಹೆಸರು, ತೋರಿಸಲಿಕ್ಕೆ ಇಟ್ಟಿದ್ದ ಗಡಿಯಾರದ ಚಿತ್ರ, ಎಲ್ಲಾ ಹಾಗೇ ಇದ್ದವು. ಕೌದಿ ಒಂದೂ ಇರಲಿಲ್ಲ.

ಫಕೀರವ್ವ ಹಣೆ ಬಡಿದುಕೊಂಡಳು. "ಖೋಡಿ! ಮಂದಿ ಮಾಲು ನಮ್ಮ ಅಂಗಡ್ಯಾಗ ಯಾಕೋ? ಮಂದೀದು ತಗದ ಒಗದು ನಮ್ಮದು ಇಡಬೇಕು!"

"ಆಗಲಿ ಯವ್ವಾ. ಇನ್ನ ಮ್ಯಾಲೆ ಹಾಂಗ ಮಾಡತೀನಿ."

ಅಂಗಡಿಗೆ ಹೆಸರು ಬಂತು, ಕೌದಿಯ ಚಿತ್ರ ಬಂತು. ಹುಬ್ಬಳ್ಳಿಯ ಸರೋಜಾಬಾಯಿ ಅನ್ನುವವರು ತೀರಿಹೋದ ತಮ್ಮ ತಾಯಿಯ ಸೀರೆಗಳನ್ನು ಗಂಟು ಕಟ್ಟಿ ಅಂಚೆಯಲ್ಲಿ ಕಳಿಸಿದರು. "ಇವುಗಳಿಂದಲೇ ಒಂದು ಕೌದಿ ಹೊಲಿದುಕೊಡ್ರಿ. ಚಲೋ ಬಂದರ ನಮ್ಮ ಓಣಿ ಹೆಣ್ಮಕ್ಕಳೆಲ್ಲಾ ನಿಮ್ಮ ಕಡೇನ ಹೊಲಸತಾರ," ಅಂತ ಹೇಳಿದ್ದರು.

ಗಂಟು ಬಂದಾಗ ಫಕೀರವ್ವ ಮಠಕ್ಕೆ ಹೋಗಿದ್ದಳು. ಅಡಿವೆಪ್ಪ ಬಿಚ್ಚಿ ನೋಡಿದ. "ಇದು ಮಂದೀದು!" ಅಂದ. ಓಣಿಯಲ್ಲಿ ಹಳೇ ಸೀರೆಗೆ ಪಾತ್ರೆ ಕೊಡುವವಳು ಕೂಗುತ್ತ ಹೊರಟಿದ್ದಳು. ಗಂಟು ಅವಳಿಗೆ ಕೊಟ್ಟು ಒಂದು ಚಹಾ ಸೋಸುವ ಜರಡಿ ಇಸಿದುಕೊಂಡ. ಗಂಟಿದ್ದ ಜಾಗದಲ್ಲಿ, ಹಗ್ಗದ ಮೇಲೆ ಒಣಗುತ್ತಿದ್ದ ತಾಯಿಯ ಸೀರೆ ತಂದು ಮಡಿಸಿಟ್ಟ.

ಮಠದಿಂದ ಬಂದು ಇದನ್ನು ಕೇಳಿದ ಫಕೀರವ್ವ ಆ ಮೊಣಕಾಲಲ್ಲೇ ಓಡಿದಳು. ಊರ ಹೊರಗಿನ ಬಸ್ ನಿಲ್ದಾಣದಲ್ಲಿ ಪಾತ್ರೆಯವಳನ್ನು ಹಿಡಿದು, ಜರಡಿ ಕೊಟ್ಟು, ಕೈ ಮುಗಿದು, ಸೀರೆ ಬಿಡಿಸಿಕೊಂಡು ಬಂದಳು. ಬಂದವಳೇ ಹೊಸ್ತಿಲ ಮೇಲೆ ಕೂತು ಹಣೆ ಬಡಿದುಕೊಂಡಳು.

"ಮಂಗ್ಯಾ! ಗಿರಾಕಿ ಮಾತು ಕಿವಿಗೆ ಹಾಕ್ಕೋಬೇಕು! ಅವರು ಹ್ಯಾಂಗ ಬೇಕಂತಾರ ಹಾಂಗ ಮಾಡಬೇಕು!"

"ಆಗಲಿ ಯವ್ವಾ. ಇನ್ನ ಮ್ಯಾಲೆ ಹಾಂಗ ಮಾಡತೀನಿ."

ಅದೇ ಹೊತ್ತಿಗೆ ಪ್ರಭಯ್ಯನವರು ಬಂದರು. "ಫಕೀರವ್ವ, ಬಿಗಿ ಟೆಂಪ್ಲೇಟು ಮಾಡಿದ್ದಕ್ಕ ಎಲ್ಲಾರೂ ನನ್ನ ಬೈದರು. ಈಗ ಸಡಿಲ ಮಾಡೇನಿ. ಬೆರಳಿಂದ ಎಳದರ ಕಪಾಟು ಸರೀತೈತಿ, ಒತ್ತಿದರ ಬಣ್ಣ ಬದಲಾಗತೈತಿ. ಏನ ಬೇಕಾದ್ದು ಬದಲಿ ಮಾಡಬಹುದು. ಇನ್ನ ಅಡಿವೆಪ್ಪಗೂ ಸಲೀಸು."

"ಅದಕ್ಕ ನನಗ ಅಂಜಿಕಿ, ಅಯ್ಯನೋರ," ಅಂದಳು ಫಕೀರವ್ವ.

ಒಬ್ಬ ಗಿರಾಕಿ ಕೆಂಪು ಚೆಂದ ಅಂದ. ಅಡಿವೆಪ್ಪ ಅಂಗಡಿಯನ್ನೆಲ್ಲಾ ಕೆಂಪು ಮಾಡಿದ. ಇನ್ನೊಬ್ಬಳು ಹಸಿರು ಅಂದಳು. ಹಸಿರು ಮಾಡಿದ. ಒಬ್ಬ ಮುದುಕ ಅಕ್ಷರ ಕಾಣವಲ್ಲವು ಅಂದ. ಅಕ್ಷರ ಹಿಗ್ಗಿಸಿದ, ಮತ್ತೆ ಹಿಗ್ಗಿಸಿದ, ಕಡೆಗೆ ಫೋನಿನ ತುಂಬ ಒಂದು 'ಕೌ' ಮಾತ್ರ ಉಳಿಯಿತು. ಮತ್ತೊಬ್ಬಳು ಫೋನು ಮಾಡಿ, "ಕೌದಿ ಬ್ಯಾಡಪಾ, ಟೊಮೇಟೊ ಉಪ್ಪಿನಕಾಯಿ ಐತೇನು?" ಅಂದಳು. ಕೌದಿಯನ್ನೆಲ್ಲಾ ತೆಗೆದು ಉಪ್ಪಿನಕಾಯಿ ಅಂಗಡಿ ಮಾಡಿದ.

ಫಕೀರವ್ವ ಫೋನು ನೋಡಿದಳು. ಮತ್ತೆ ಹಣೆ ಬಡಿದುಕೊಂಡಳು. "ಹುಚ್ಚಪ್ಪಾ! ನಾವು ಕೊಡೋದು ಕೌದಿ! ಕೌದಿ ಬಿಟ್ಟು ಬ್ಯಾರೆ ಏನೂ ಇರಬಾರದು!"

"ಆಗಲಿ ಯವ್ವಾ. ಇನ್ನ ಮ್ಯಾಲೆ ಹಾಂಗ ಮಾಡತೀನಿ."

ಇಷ್ಟರಲ್ಲಿ ಸರೋಜಾಬಾಯಿಯ ಕೌದಿ ಮುಗಿಯಿತು. ಕೌದಿ ಹೊಲಿದು ಮುಗಿಸುವಾಗ ನಮ್ಮ ಕಡೆ ಒಂದು ಪದ್ಧತಿ ಉಂಟು. ಮೂಲೆಯಲ್ಲಿ ಚೂರು ಹೋಳಿಗೆ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹೊದ್ದವರ ಮನೆಯಲ್ಲಿ ಅನ್ನಕ್ಕೆ ಕೊರತೆಯಾಗಬಾರದು ಅಂತ. ಫಕೀರವ್ವ ದೇವರಿಗೆ ತೋರಿಸಿದ ಹೋಳಿಗೆಯನ್ನೇ ಇಟ್ಟು ಹೊಲಿದಳು. "ಅಂಚಿ ಆಫೀಸಿಗೆ ಕೊಟ್ಟು ಬಾ," ಅಂದಳು.

ದಾರಿಯಲ್ಲಿ ಅಡಿವೆಪ್ಪ ಮೂಲೆ ಹಿಚುಕಿ ನೋಡಿದ. "ಇದು ಕೌದಿ ಅಲ್ಲ!" ಅಂದ. ಹೊಲಿಗೆ ಬಿಚ್ಚಿದ, ಹೋಳಿಗೆ ತೆಗೆದ, ತಿಂದ, ಕೌದಿ ಕಳಿಸಿದ.

ಸರೋಜಾಬಾಯಿಯ ಫೋನು ಬಂತು. "ಫಕೀರವ್ವಾ, ಕೌದಿ ಚಲೋ ಆಗೇತಿ. ಆದರ ಮೂಲಿ ಬಿಚ್ಚೇತಲ್ಲ. ನಮ್ಮವ್ವನ ಕೌದಿ ಹಸಕೊಂಡ ಬಂತು." ಅಷ್ಟೇ ಹೇಳಿ ಇಟ್ಟರು. ಓಣಿಯ ಹೆಣ್ಣುಮಕ್ಕಳ ಮಾತು ಎತ್ತಲಿಲ್ಲ.

ಫಕೀರವ್ವ ಗೋಡೆಗೆ ಒರಗಿ ಕೂತಳು. ಆಮೇಲೆ ಮೆಲ್ಲಗೆ ಅಂದಳು: "ಖಾಲಿ ಬಿಡಬಾರದಪಾ. ಖಾಲಿ ಇದ್ದದ್ದು ಕಂಡರ ತುಂಬಬೇಕು. ಇಷ್ಟರ ತಿಳಕೋ ನನ್ನಪ್ಪಾ."

"ಆಗಲಿ ಯವ್ವಾ. ಇನ್ನ ಮ್ಯಾಲೆ ಹಾಂಗ ಮಾಡತೀನಿ."

ಮರುದಿನ ಅಡಿವೆಪ್ಪ ಕುಣಿಯುತ್ತ ಬಂದ. "ಯವ್ವಾ! ಇದ್ದ ಕೌದಿ ಎಲ್ಲಾ ಹೋದವು! ಒಬ್ಬರೇ ತಗೊಂಡಾರ!"

"ಎಲ್ಲಾನೂ? ಯಾವ ಪುಣ್ಯಾತ್ಮಪಾ ಅಂವಾ?"

ಅಡಿವೆಪ್ಪ ನಾಚಿ ತಲೆ ಕೆಳಗೆ ಹಾಕಿದ. "ಅಂಥಾ ಪುಣ್ಯಾತ್ಮ ಏನಲ್ಲ ಬಿಡು."

ಫಕೀರವ್ವ ಮಠಕ್ಕೆ ಹೋಗಿ ದೀಪಕ್ಕೆ ಎಣ್ಣೆ ಎರೆದು ಬಂದಳು. ಕೌದಿಗಳನ್ನೆಲ್ಲಾ ಗಂಟು ಕಟ್ಟಿದಳು. ಓದು ಬಾರದವಳು, ವಿಳಾಸವನ್ನು ಮಗನೇ ಬರೆದ. ಗಂಟು ಅಂಚೆಗೆ ಹೋದ ಮೇಲೆ ಅವಳು ಹಳೇ ಸಿಂಬಿಯನ್ನು ಬಿಚ್ಚಿ ಒಲೆ ಒರೆಸುವ ಅರಿವೆ ಮಾಡಿಕೊಂಡಳು.

ಕೆಲವು ದಿನ ಸುಖವಾಗಿ ಕೂತಳು. ಒಂದು ಬೆಳಿಗ್ಗೆ ಅಂಚೆಯವನು ಬಾಗಿಲಿಗೆ ಬಂದು ಏದುಸಿರು ಬಿಟ್ಟ. "ಫಕೀರವ್ವಾ, ಗಂಟು ಇಳಸು. ನಿಮ್ಮನೀಗೇ ಬಂದೈತಿ."

ಬಿಚ್ಚಿದಳು. ತನ್ನವೇ ಕೌದಿಗಳು.

"ಅಡಿವೆಪ್ಪಾ, ಇವನ್ನ ಯಾರೋ ತಗೊಂಡಿದ್ದು?"

"ನಾನ ಯವ್ವಾ! ಫೋನಿನ ಅಂಗಡ್ಯಾಗ ಮೂಲ್ಯಾಗ ಗಿರಾಕಿ ಮಾಲು ಹಾಕೊಳ್ಳೋ ಬುಟ್ಟಿ ಇರತೈತಿ ನೋಡು, 'ನಿಮ್ಮ ಬುಟ್ಟಿ ಖಾಲಿ ಇದೆ' ಅಂತ ಬರದಿತ್ತು. ನೀನ ಹೇಳಿದ್ದಿ, ಖಾಲಿ ಕಂಡರ ತುಂಬು ಅಂತ. ತುಂಬಿದೆ!"

ಫಕೀರವ್ವ ಹಣೆ ಬಡಿದುಕೊಳ್ಳಲಿಲ್ಲ. ಒಲೆಯ ಹತ್ತಿರ ಹೋದಳು, ಅರಿವೆ ಹಿಂಡಿದಳು, ಕೊಡವಿದಳು, ಸುತ್ತಿ ಸುತ್ತಿ ಮತ್ತೆ ಸಿಂಬಿ ಮಾಡಿದಳು. ತಲೆಯ ಮೇಲಿಟ್ಟುಕೊಂಡು, "ಗಂಟು ಎತ್ತಿ ಹೊರಸು," ಅಂದಳು.

ಹೊರಿಸಿದ. ಅವಳು ಮೊಣಕಾಲು ಹಿಡಿದುಕೊಂಡು ಅಂಗಳ ದಾಟುವಷ್ಟರಲ್ಲಿ ಹಿಂದಿನಿಂದ ಕೂಗಿದ:

"ಯವ್ವಾ! ಬುಟ್ಟಿ ಮತ್ತ ಖಾಲಿ ಆಗೈತಿ! ತುಂಬಲೇನು?"

ಶಿವಲಿಂಗವ್ವನವರು ಇಲ್ಲಿಗೆ ಒಂದು ಬತ್ತಿ ಹೊಸೆದು ಮುಗಿಸಿ ತಟ್ಟೆಗೆ ಹಾಕಿದ್ದರು. ನೀವೂ ಯಾವುದಾದರೂ ಜಗಲಿಯ ಮೇಲೆ ಕೂತಾಗ ಪಕ್ಕದವರಿಗೆ ಈ ಕತೆಯನ್ನು ಹೇಳಿ, ತಾಯಂದಿರೇ, ಅಪ್ಪಗಳಿರಾ. ನನ್ನ ಹತ್ತಿರವೇ ಕಟ್ಟಿಟ್ಟುಕೊಳ್ಳಲು ಮನಸ್ಸಿಲ್ಲ.