ಉರಿಯದ ಶಾವಿಗೆ

"ಗುರುಗಳೇ, ಫೋನಿಗೆ ಬಂದದ್ದನ್ನು ನಾಲ್ಕು ಜನಕ್ಕೆ ಕಳಿಸುತ್ತೇನೆ, ಅಷ್ಟೇ. ಸುಳ್ಳನ್ನು ನಾನು ಹುಟ್ಟಿಸುವುದಿಲ್ಲ. ಇದರಲ್ಲಿ ನನ್ನ ತಪ್ಪೇನು?" ಎಂದು ಶಿಷ್ಯ ಕೇಳಿದ. ಮಠದ ಪಾಯಸಕ್ಕೆಂದು ಪೇಟೆಯಿಂದ ತಂದಿದ್ದ ಶಾವಿಗೆಯ ಪೊಟ್ಟಣಗಳನ್ನು ಗುರುಗಳ ಮುಂದಿಟ್ಟು ಕುಳಿತ.

ಗುರುಗಳು ಒಂದು ಪೊಟ್ಟಣವನ್ನು ತಿರುಗಿಸಿ ನೋಡಿದರು. ಕೆಳಗಿಟ್ಟು ಕತೆ ಹೇಳಿದರು.

ಒಂದು ಊರು. ಹೆಸರು ಕೇಳಬೇಡ, ಹೋದ ಸಲ ಬೇರೆ ಹೆಸರು ಹೇಳಿದ್ದೆ. ಅಲ್ಲಿ ಒಬ್ಬ ಹೆಂಗಸು ಶಾವಿಗೆ ಮಾಡಿ ಮಾರುತ್ತಿದ್ದಳು. ಗೋಧಿ, ನೀರು, ಉಪ್ಪು, ಬಿಸಿಲು, ಬೇರೇನೂ ಇಲ್ಲ. ಎಂಟು ಹೆಂಗಸರು ಅವಳ ಜೊತೆ ದುಡಿದು ಉಣ್ಣುತ್ತಿದ್ದರು.

ಒಂದು ದಿನ ಯಾರೋ ಕಡ್ಡಿ ಗೀರಿ ಅವಳ ಶಾವಿಗೆಗೆ ಹಚ್ಚಿದ. ಶಾವಿಗೆ ಉರಿಯಿತು. "ನೋಡಿ, ಪ್ಲಾಸ್ಟಿಕ್!" ಎಂದು ವಿಡಿಯೋ ಮಾಡಿ ಬಿಟ್ಟ. ಮರುದಿನ ಅವನಿಗೇ ಅದು ಮರೆತುಹೋಯಿತು. ಊರು ಮರೆಯಲಿಲ್ಲ. ಒಬ್ಬರು 'ಮಕ್ಕಳಿರುವ ಮನೆಗೆ ತಪ್ಪದೆ ಕಳಿಸಿ' ಎಂದು ಸೇರಿಸಿದರು. ಇನ್ನೊಬ್ಬರು ಕೈ ಮುಗಿಯುವ ಚಿತ್ರ ಸೇರಿಸಿದರು.

ಹತ್ತು ವರ್ಷದಿಂದ ಕೊಳ್ಳುತ್ತಿದ್ದ ಅಂಗಡಿಯವನು ಅವಳ ಚೀಲವನ್ನು ಹಿಂದಕ್ಕೆ ತಳ್ಳಿದ.

"ಅಣ್ಣಾ, ಒಣಗಿದ ಹಿಟ್ಟು ಉರಿಯದೆ ಹಾಡು ಹೇಳುತ್ತದೆಯೇ? ನಿಮ್ಮ ಮನೆಯಲ್ಲಿ ಹೊಸೆದದ್ದಕ್ಕೂ ಕಡ್ಡಿ ಗೀರಿ ನೋಡಿ, ಅದೂ ಉರಿಯುತ್ತದೆ."

"ನಮ್ಮನೆಯದಕ್ಕೆ ಯಾಕಕ್ಕಾ ಗೀರಲಿ? ಅದರ ವಿಡಿಯೋ ಬಂದಿಲ್ಲವಲ್ಲ!"

ಮುಂದಿನ ತಿಂಗಳು ಬೇರೊಬ್ಬ ವ್ಯಾಪಾರಿ ತನ್ನ ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿದ: 'ಕಡ್ಡಿ ಗೀರಿದರೂ ಉರಿಯದ ಶುದ್ಧ ಶಾವಿಗೆ'. ಜನ ಗೀರಿ ನೋಡಿದರು. ಉರಿಯಲಿಲ್ಲ. ಮುಗಿಬಿದ್ದು ಕೊಂಡರು. ನಾಟಕದವರು ಪರದೆಗೆ ಬೆಂಕಿ ಹತ್ತದಿರಲೆಂದು ಬಳಿಯುವ ಪುಡಿಯೊಂದಿದೆ. ಹೊಟ್ಟೆಗೆ ಹೋಗಬಾರದ ಅದನ್ನು ಅವನು ಹಿಟ್ಟಿಗೆ ಬೆರೆಸುತ್ತಿದ್ದ.

ಹೆಂಗಸು ಎರಡು ತಿಂಗಳು ತಡೆದಳು. ಎಂಟು ಮನೆಗಳ ಒಲೆ ಆರುತ್ತ ಬಂತು. ಮೂರನೆಯ ತಿಂಗಳು ಅವಳೂ ಆ ಪುಡಿ ತಂದಳು. ಬೆರೆಸುವಾಗ ಅತ್ತಳಂತೆ, ನಾನು ಕಂಡಿಲ್ಲ. ಅದೇ ಅಂಗಡಿಯವನು ಕಡ್ಡಿ ಗೀರಿದ. ಉರಿಯದಿರುವುದನ್ನು ಕಂಡು, "ಈಗ ದಾರಿಗೆ ಬಂದೆ ನೋಡಕ್ಕಾ," ಎಂದು ನಗುತ್ತ ನಾಲ್ಕು ಚೀಲ ಇಳಿಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು.

"ಆ ವಿಡಿಯೋ ನನಗೂ ಬಂದಿತ್ತು ಗುರುಗಳೇ. ಕಳಿಸಿಯೂ ಇದ್ದೆ," ಎಂದ ಶಿಷ್ಯ. "ಆದರೆ ಪುಡಿ ಬೆರೆಸಿದ್ದು ನಾನಲ್ಲವಲ್ಲ!"

ಗುರುಗಳು ದೀಪದ ಪಕ್ಕದಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ಅವನ ಕಡೆ ಸರಿಸಿದರು.

"ಪಾಯಸಕ್ಕೆ ನೀನು ತಂದ ಶಾವಿಗೆ ಉರಿಯಲಪ್ಪಾ ಎಂದು ಬೇಡಿಕೊಂಡು, ಗೀರು."